ಬೆಳಗಿನ ಪಟ್ಟಿಯಲ್ಲಿದ್ದ ಒಂದು ಸಾಲು

ಅಪ್ಪಾ,

ಫೋನಿನಲ್ಲಿ ಕೇಳಿದರೆ “ನಂಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೀನಿ” ಅಂತೀರಿ. ಅದಕ್ಕೇ ಈ ಪತ್ರ.

ನಾನು ನೋಡಿಕೊಳ್ಳುವುದು ಇಂಟರ್ನೆಟ್ಟಿನಲ್ಲಿ ಬರುವ ಆಸ್ಪತ್ರೆಯ ಜಾಹೀರಾತು, ನಿಮಗೆ ಗೊತ್ತಲ್ಲ. ಏನನ್ನೋ ಹುಡುಕುವ ಜನ ಅದನ್ನು ಕ್ಲಿಕ್ ಮಾಡಿದಷ್ಟು ಸಲ ಆಸ್ಪತ್ರೆ ದುಡ್ಡು ಕಟ್ಟುತ್ತದೆ. ಅವರು ಏನೆಂದು ಹುಡುಕಿ ಬಂದರು ಅನ್ನುವ ಪಟ್ಟಿ ಬೆಳಿಗ್ಗೆ ನನಗೆ ಬರುತ್ತದೆ. ಹೆಸರಿರುವುದಿಲ್ಲ, ಹುಡುಕಿದ ಮಾತಷ್ಟೇ. ಇವತ್ತು ಒಂದು ಸಾಲಿತ್ತು: “ಎಡಗೈ ಜೋಮು ಹಿಡಿಯುತ್ತಿದೆ, ಮಗಳಿಗೆ ತಿಳಿಯದಂತೆ ಎಲ್ಲಿ ತೋರಿಸಬಹುದು, ದಯವಿಟ್ಟು ತಿಳಿಸಿ.”

ಕಂಪ್ಯೂಟರಿಗೂ ದಯವಿಟ್ಟು ಅನ್ನುವ ಮನುಷ್ಯ ನನಗೆ ಗೊತ್ತಿರುವುದು ಒಬ್ಬರೇ.

ಪತ್ರ ತಂದ ಡ್ರೈವರ್ ಬಾಗಿಲಲ್ಲೇ ಕಾಯುತ್ತಾನೆ. ಇಸ್ತ್ರಿ ಅಂಗಿ ಹುಡುಕುತ್ತಾ ಕೂರಬೇಡಿ, ಹೇಗಿದ್ದೀರೋ ಹಾಗೇ ಹೊರಡಿ. ನಾನು ಆಸ್ಪತ್ರೆ ಬಾಗಿಲಲ್ಲಿ ನಿಂತಿರುತ್ತೇನೆ. ಆ ಸಾಲು ನಿಮ್ಮದಲ್ಲದಿದ್ದರೆ ನನ್ನನ್ನು ಬೈಯುವುದಕ್ಕಾದರೂ ಬನ್ನಿ, ದಯವಿಟ್ಟು.

ನಿಮ್ಮ ಪುಟ್ಟಿ