ಏಕಾಂತಮ್ಮನ ಹಾಜರಿ

ಹಿರೇಗುಂಟನೂರು
೧೮ ನವೆಂಬರ್ ೨೦೦೧, ಭಾನುವಾರ

ಪ್ರೀತಿಯ ಮಹೇಕ್,

ನಿನ್ನ ಚೌಡಿಯ ನೆನಪುಗಳು. ಹರಿಹರದ ಮನೆಯಲ್ಲಿ ನೀನೂ ನಿನ್ನ ಯಜಮಾನರೂ ಚೆನ್ನಾಗಿದ್ದೀರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಅವ್ವ ಹುಷಾರಾಗಿದ್ದಾಳೆ. ಕಡಲೆಕಾಯಿ ಬಿಡಿಸಲು ಕೂಲಿಗೆ ಹೋಗುತ್ತಾಳೆ.

ನಾನು ಮಿಲ್ಲು ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಬಿಡಿಸಿದರು. ಚೌಡಿ ಅಷ್ಟೊಂದು ಹೆಂಗಸರ ಅನ್ನ ಕಿತ್ತಳು ಎಂದು ದುರ್ಗದಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಆ ಮಾತು ನಿನ್ನ ಕಿವಿಗೆ ಬೀಳುವ ಮೊದಲು ಆದದ್ದನ್ನು ನಾನೇ ಹೇಳಬೇಕು ಅನ್ನಿಸಿತು.

ಮೇಸ್ತ್ರಿ ಚಿತ್ತಯ್ಯನ ಹೆಸರಿನ ಆಟ ನಿನಗೆ ಗೊತ್ತೇ ಇದೆ. ಒಬ್ಬಳು ಬಿಡುವಿಲ್ಲದೆ ಇನ್ನೂರ ನಲವತ್ತು ದಿನ ದುಡಿದರೆ ಕಾನೂನು ಅವಳ ಬೆನ್ನಿಗೆ ನಿಲ್ಲುತ್ತದೆ, ಆಮೇಲೆ ಅವಳನ್ನು ಸುಮ್ಮನೆ ಹೊರಗೆ ಹಾಕುವ ಹಾಗಿಲ್ಲ. ಅದಕ್ಕೇ ಆ ಗಡುವು ಹತ್ತಿರ ಬರುತ್ತಿದ್ದಂತೆ ಕಂಟ್ರಾಕ್ಟಿನ ಹೆಂಗಸರನ್ನೆಲ್ಲ ಕಾಗದದಲ್ಲಿ ಬಿಡಿಸಿ, ಮರುದಿನ ಬೇರೆ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಿದ್ದ. ನಿನಗೆ ಒಂದು ಸಲ ಬೃಂದಾ ಅಂತ ಇಟ್ಟಿದ್ದ. ಹಾಜರಿ ಕೂಗಿದಾಗಲೆಲ್ಲ ನೀನು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. "ಕಾನೂನು ನಿಮ್ಮನ್ನ ಕಾಯಾಕೆ ಬರ್ತೈತೆ ಕಣ್ರವ್ವ, ಅದರ ಕಣ್ಣಿಗೆ ಬೀಳದಂಗೆ ನಿಮ್ಮನ್ನ ನಾನು ಕಾಯ್ತೀನಿ," ಅಂತ ಅವನು ಹೇಳಿದರೆ ನಾವೂ ನಗುತ್ತಿದ್ದೆವು. ಸಂಬಳ ಬಂದರೆ ಸಾಕಿತ್ತು. ಹೆಸರು ಯಾವುದಾದರೇನು ಅಂದುಕೊಂಡಿದ್ದೆವು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವನು ನನ್ನನ್ನು ಬಾಬಿನ್ ಕೆಲಸದಿಂದ ತೆಗೆದು ನೂಲುವ ಫ್ರೇಮುಗಳ ಕಡೆಗೆ ಹಾಕಿದ. "ಇವತ್ತಿಂದ ನೀನು ಏಕಾಂತಮ್ಮ," ಅಂದ. ಪಕ್ಕದಲ್ಲಿ ನಿಂತಿದ್ದ ಕಾಳಕ್ಕ ಎಲೆಯಡಿಕೆ ಅಗಿಯುವುದನ್ನು ಅಲ್ಲಿಗೇ ನಿಲ್ಲಿಸಿದಳು. ಕಾಳಕ್ಕ ನಮ್ಮ ಹಾಗೆ ಕಂಟ್ರಾಕ್ಟಿನವಳೇ ಆದರೂ ಆ ಕಡೆಯ ಹಳೆಯ ಕೆಲಸದವಳು, ಹೊಸಬರಿಗೆಲ್ಲ ಅವಳೇ ಕೈ ಹಿಡಿದು ಕಲಿಸುವುದು. ಗೋಡೆಯ ಪಕ್ಕದ ಕೊನೆಯ ಫ್ರೇಮು ತೋರಿಸಿ ಹೋಗಿಬಿಟ್ಟಳು.

ನೂಲು ಹರಿಯುವುದು, ಅದನ್ನು ಬೆರಳಲ್ಲಿ ಹೊಸೆದು ಕೂಡಿಸುವುದು, ಫ್ರೇಮಿನವರ ದಿನವೆಲ್ಲ ಇದೇ. ಆದರೆ ನನ್ನ ಫ್ರೇಮಿನಲ್ಲಿ ನೂಲು ಹರಿಯುತ್ತಲೇ ಇರಲಿಲ್ಲ. ಉಳಿದವರು ಓಡಾಡಿ ಬೆವರುತ್ತಿದ್ದರೆ ನಾನು ಸುಮ್ಮನೆ ನಿಂತು ನೋಡುತ್ತಿದ್ದೆ. ಮೊದಮೊದಲು ಅದೃಷ್ಟ ಅಂದುಕೊಂಡೆ. ಎಂದೋ ಒಮ್ಮೆ ಒಂದು ಎಳೆ ಹರಿಯಿತು, ಕೂಡಿಸಿದೆ. ಕಾಳಕ್ಕ ನೋಡುತ್ತಾ ನಿಂತಿದ್ದವಳು, "ಎಡಗೈ ರೂಢಿ ಯಾವಾಗಿಂದಲೇ ನಿಂಗೆ?" ಅಂತ ಕೇಳಿದಳು. ನೋಡಿಕೊಂಡೆ. ಎಳೆ ಹಿಡಿದದ್ದು ನನ್ನ ಎಡಗೈ. ಮಹೇಕ್, ಎಡಗೈಯಲ್ಲಿ ನನಗೆ ಕಸ ಗುಡಿಸಲೂ ಬರುವುದಿಲ್ಲ.

ಅಂದು ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಕೂತಾಗ ಕಾಳಕ್ಕ ಬಾಯಿ ಬಿಟ್ಟಳು. ಏಕಾಂತಮ್ಮ ಹೊಳಲ್ಕೆರೆ ಕಡೆಯ ಹಳ್ಳಿಯವಳು. ನೀನು ಮಿಲ್ಲು ಬಿಟ್ಟು ಮದುವೆಯಾಗಿ ಹೋದ ಮೇಲೆ ಸೇರಿದವಳು, ಬೇರೆ ಶಿಫ್ಟಿನಲ್ಲಿದ್ದುದರಿಂದ ನಾನು ನೋಡಿರಲಿಲ್ಲ. ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುತ್ತಿದ್ದಳಂತೆ. ಅದೇ ಕೊನೆಯ ಫ್ರೇಮಿನಲ್ಲಿ ಅವಳ ಸೆರಗು ತಿರುಗುವ ಚಕ್ರಕ್ಕೆ ಸಿಕ್ಕಿ, ತಲೆ ಕಬ್ಬಿಣಕ್ಕೆ ಬಡಿಯಿತು. ಚಿತ್ತಯ್ಯ ಜೀಪಿನಲ್ಲಿ ಹಾಕಿಕೊಂಡು ಹೋದ, ದಾರಿಯಲ್ಲೇ ಪ್ರಾಣ ಹೋಯಿತು. ಹೆಣವನ್ನು ಊರಿಗೆ ಮುಟ್ಟಿಸಿ, ಬಾಡಿಗೆ ರೂಮಿನಲ್ಲಿ ಜಾರಿ ಬಿದ್ದಳು ಅಂತ ಅವಳ ತಾಯಿಗೆ ಹೇಳಿದರು. ಮಿಲ್ಲಿನ ಹಾಜರಿಯಲ್ಲಿ ಮಾತ್ರ ಮರುದಿನವೂ ಅವಳು ಕೆಲಸಕ್ಕೆ ಬಂದಳು. ಅದರ ಮರುದಿನವೂ ಬಂದಳು.

ತಿಂಗಳುಗಳಾದ ಮೇಲೆ ನಿಜ ಆ ತಾಯಿಯ ಕಿವಿಗೆ ಬಿತ್ತು. ಆಕೆ ದುರ್ಗಕ್ಕೆ ಬಂದು ಲೇಬರ್ ಸಾಹೇಬರಿಗೆ ಅರ್ಜಿ ಕೊಟ್ಟಳು. ನಮ್ಮಲ್ಲಿ ಯಾರೂ ಸತ್ತಿಲ್ಲ, ನಮ್ಮ ಏಕಾಂತಮ್ಮ ದಿನಾ ಕೆಲಸಕ್ಕೆ ಬರುತ್ತಿದ್ದಾಳೆ ಎಂದು ಮಿಲ್ಲಿನವರು ಉತ್ತರ ಬರೆದರು. ಹಾಗೆ ಬರೆದ ಮೇಲೆ ತೋರಿಸಲು ಒಬ್ಬ ಏಕಾಂತಮ್ಮ ಬೇಕಾದಳು. ನಾನು ಸಿಕ್ಕಿದೆ.

ಅಂದೇ ಬಿಡಬಹುದಿತ್ತು. ಬಿಟ್ಟರೆ ಬೇರೆ ಯಾವ ಮಿಲ್ಲಿನಲ್ಲಿ ಕೆಲಸ ಕಾದಿತ್ತು ಹೇಳು. ಉಟ್ಟ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಮರುದಿನವೂ ಹೋದೆ. ಗಡುವು ದಾಟಿದರೂ ಚಿತ್ತಯ್ಯ ಈ ಸಲ ನನ್ನ ಹೆಸರು ಬದಲಿಸಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ವಾಚ್‌ಮನ್ ಒಳಗೆ ಬಂದು, "ಏಕಾಂತಮ್ಮಾ, ನಿಮ್ಮವ್ವ ಬಂದಾಳೆ," ಅಂದ. ನಮ್ಮವ್ವನೇ ಬಂದಿರಬೇಕು ಅಂತ ಗಾಬರಿಯಿಂದ ಓಡಿದೆ. ಟೀ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ಗುರುತಿಲ್ಲದ ಹೆಂಗಸೊಬ್ಬಳು ಕೂತಿದ್ದಳು. ಯಾರು ಬೇಕಿತ್ತು ಅಂತ ಕೇಳಿದೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಏಕಾಂತಮ್ಮ ಅಂತ, ನನ್ನ ಮಗಳು. ನಾನೇ ಕೈಯಾರೆ ಮಣ್ಣು ಮಾಡೀನಿ. ಆದ್ರೂ ಇಲ್ಲಿ ದಿನಾ ಕೆಲ್ಸಕ್ಕೆ ಬರ್ತಾಳೆ ಅಂತ ಸಾಹೇಬ್ರು ಓದಿ ಹೇಳಿದ್ರು. ಹೆಂಗೆ ಬರ್ತಾಳೆ ನೋಡಾಣ ಅಂತ ಬಂದೆ."

ಉಚ್ಚಂಗೆಮ್ಮ ಅಂತ ಆಕೆಯ ಹೆಸರು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡು ನಿಂತಿದ್ದೆ. ಆಕೆ, "ನಿಂದೇನೂ ತಪ್ಪಿಲ್ಲ ಬಿಡವ್ವ. ಉಂಡ್ಯಾ?" ಅಂತ ಕೇಳಿ ಬಟ್ಟೆಯ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಬೇಡ ಅನ್ನಲಾಗಲಿಲ್ಲ, ಅಲ್ಲೇ ಕುಕ್ಕರಿಸಿ ತಿಂದೆ. ನಾನು ತಿನ್ನುವುದನ್ನೇ ನೋಡುತ್ತಿದ್ದವಳ ಮುಖ ಅರಳಿತು. "ಅವಳೂ ಹಿಂಗೇ, ಮೊದ್ಲು ಸುತ್ತಾ ಅಂಚು ಮುರ್ಕಂಡು ತಿಂತಿದ್ಲು," ಅಂದಳು. ನಾನು ಯಾವತ್ತೂ ಹಾಗೆ ರೊಟ್ಟಿ ತಿಂದವಳಲ್ಲ.

ಆಮೇಲೆ ಪ್ರತಿ ಮಂಗಳವಾರ ಬರತೊಡಗಿದಳು. ಒಮ್ಮೆ ನನ್ನ ತಲೆ ಬಾಚಿ ಜಡೆ ಹಾಕಿದಳು. ಇನ್ನೊಮ್ಮೆ ಹೊರಡುವಾಗ, "ಒಂದು ಸಲ ಅವ್ವಾ ಅನ್ನು," ಅಂತ ಕೇಳಿಕೊಂಡಳು. ಅಂದೆ. ಹೊರಟ ದನಿ ನನ್ನದಾಗಿರಲಿಲ್ಲ, ದಪ್ಪಗೆ, ಸ್ವಲ್ಪ ಒಡೆದ ಹಾಗಿತ್ತು. ಉಚ್ಚಂಗೆಮ್ಮ ಬೆಚ್ಚಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದವಳಂತೆ ತಲೆಯಾಡಿಸಿ ಬಸ್ಸಿಗೆ ಹೋದಳು.

ನನಗೆ ಹೆದರಿಕೆಯಾದದ್ದು ಮಿಲ್ಲಿನಲ್ಲಿ ಅಲ್ಲ, ಮನೆಯಲ್ಲಿ. ಒಂದು ಸಂಜೆ ಹಟ್ಟಿಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದೆ. ಅವ್ವ ಒಳಗಿನಿಂದ ಕೂಗಿದಳು, ಮತ್ತೆ ಕೂಗಿದಳು. ಕೊನೆಗೆ ಹೊರಗೆ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿ, "ಚೌಡೀ, ಕಿವಿ ಕೇಳಂಗಿಲ್ಲೇನೇ?" ಅಂದಳು. ಕಿವಿ ಕೇಳಿತ್ತು, ಮಹೇಕ್. ಅವಳು ಬೇರೆ ಯಾರನ್ನೋ ಕರೆಯುತ್ತಿದ್ದಾಳೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ಲೇಬರ್ ಸಾಹೇಬರು ಮಿಲ್ಲಿಗೇ ಬಂದು ನೋಡುತ್ತಾರೆಂದು ಗೊತ್ತಾಯಿತು. ಮ್ಯಾನೇಜರು ನನ್ನನ್ನು ಕರೆಸಿದರು. ಕೂರಲು ಹೇಳಿದರು. ಕೆಟ್ಟ ಮನುಷ್ಯನ ಹಾಗೆ ಮಾತಾಡಲಿಲ್ಲ.

"ಸಾಹೇಬ್ರು ಕೂಗಿದಾಗ ಹೂಂ ಅಂದ್ರೆ ಸಾಕು. ಏಕಾಂತಮ್ಮನ ಸರ್ವೀಸು ಗಡುವು ದಾಟೈತೆ, ಪರ್ಮನೆಂಟ್ ಮಾಡ್ತೀವಿ. ಆಮೇಲೆ ನಿನ್ನನ್ನ ತೆಗೀಬೇಕು ಅಂದ್ರೆ ನನ್ನ ಕೈಲೂ ಆಗಲ್ಲ."

ಯಾವ ಹೆಸರಿನಲ್ಲಿ ಅಂತ ಕೇಳಿದೆ. "ಅದೇ ಹೆಸರಲ್ಲಿ. ರಿಟೈರ್ ಆಗೋತನಕ," ಅಂದರು.

ಎಲ್ಲರನ್ನೂ ಅವರವರ ಹೆಸರಿನಲ್ಲೇ ಪರ್ಮನೆಂಟ್ ಮಾಡಿದ್ದರೆ ಈ ಪಾಡು ಬರುತ್ತಿತ್ತೇ ಅಂತ ಕೇಳುವ ಧೈರ್ಯ ಎಲ್ಲಿಂದ ಬಂತೋ, ಕೇಳಿಬಿಟ್ಟೆ. ಅವರು ಕಿಟಕಿಯ ಕಡೆ ನೋಡಿದರು. "ಮಾಡಿ ಏನ್ ಮಾಡ್ಲಮ್ಮ? ನಾಳೆ ಹತ್ತಿ ರೇಟು ಏರಿ, ನೂಲು ಮಾರದೆ ಕುಂತ್ರೆ? ಕೆಲಸದೋರನ್ನ ಕಮ್ಮಿ ಮಾಡಾಕೂ ಸರ್ಕಾರದ ಒಪ್ಪಿಗೆ ಬೇಕು, ಮಿಲ್ಲು ಮುಚ್ಚಾಕೂ ಒಪ್ಪಿಗೆ ಬೇಕು. ಅದು ಬರಾದ್ರೊಳಗೆ ನಾವು ಮುಳುಗಿರ್ತೀವಿ." ಅದರಲ್ಲಿ ನನಗೆ ಸುಳ್ಳು ಕಾಣಲಿಲ್ಲ. ನಮ್ಮ ಮಿಲ್ಲಿನ ಆಚೆಗಿರುವ ಎಣ್ಣೆ ಮಿಲ್ಲು ನೆನಪಾಯಿತು. ಒಪ್ಪಿಗೆ ಸಿಗದೆ ಅದು ನಡೆಯುವುದೂ ಇಲ್ಲ, ಮುಚ್ಚಿಯೂ ಇಲ್ಲ. ಅಲ್ಲಿಯ ಪರ್ಮನೆಂಟ್ ಗಂಡಸರು ಈಗಲೂ ಬುತ್ತಿ ಕಟ್ಟಿಕೊಂಡು ಬಂದು, ಗೇಟಿನ ಮುಂದೆ ಸಾಲಾಗಿ ಕೂತು, ಶಿಫ್ಟು ಮುಗಿಯುವ ಹೊತ್ತಿಗೆ ಎದ್ದು ಹೋಗುತ್ತಾರೆ. ಹತ್ತಿರ ಹೋದರೆ ಯಾರೂ ಮಾತಾಡುವುದಿಲ್ಲ.

ನನಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಯಾರೂ ತೆಗೆಯಲಾಗದ ಕೆಲಸ! ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಮರುದಿನ ಮಂಗಳವಾರವಲ್ಲದಿದ್ದರೂ ಉಚ್ಚಂಗೆಮ್ಮ ಬಂದಿದ್ದಳು. ನಿಜ ಹೇಳು ಅಂತ ಬೇಡಿಕೊಳ್ಳಲು ಬಂದಿದ್ದಾಳೆ ಅಂದುಕೊಂಡೆ. ಆಕೆ ನನ್ನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೂಂ ಅಂದುಬಿಡವ್ವ. ನಾನು ಗೆದ್ರೆ ಅವಳು ಸತ್ಲು ಅಂತ ಬರೀತಾರೆ. ಸೋತ್ರೆ ಬದುಕಿದಾಳೆ ಅಂತ ಸರ್ಕಾರದಾಗೆ ಇರ್ತೈತೆ. ಸೋಲ್ತೀನಿ ಬಿಡು. ನೀನಿರೋತನಕ ಅವಳು ಇರ್ತಾಳೆ."

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಆಕೆ ಹಿಡಿದದ್ದು ಸಡಿಲವಾಗಿಯೇ ಇತ್ತು. ಕೈಯೇ ಬರಲಿಲ್ಲ.

ಸಾಹೇಬರು ಬಂದ ದಿನ ಅಷ್ಟೂ ಫ್ರೇಮುಗಳನ್ನು ನಿಲ್ಲಿಸಿದರು. ಆ ಶೆಡ್ಡು ಹಗಲಿನಲ್ಲಿ ಅಷ್ಟು ಮೌನವಾದದ್ದನ್ನು ನಾನು ಕಂಡಿರಲಿಲ್ಲ. ಹತ್ತಿಯ ಧೂಳು ಮೆಲ್ಲಗೆ ಇಳಿದು ನಮ್ಮ ತಲೆ, ಹೆಗಲ ಮೇಲೆ ಕೂರುತ್ತಿತ್ತು, ಯಾರೂ ಕೊಡವಿಕೊಳ್ಳಲಿಲ್ಲ. ಸಾಹೇಬರು ಒಂದೊಂದೇ ಹೆಸರು ಕೂಗಿದರು, ಹೆಂಗಸರು ಕೈ ಎತ್ತಿದರು. ಎಷ್ಟು ಹೆಸರು ಯಾರ ಸ್ವಂತದ್ದೋ ಆ ದೇವರಿಗೇ ಗೊತ್ತು.

"ಏಕಾಂತಮ್ಮ," ಅಂದರು.

ನಾನಿನ್ನೂ ಏನೂ ತೀರ್ಮಾನಿಸಿರಲಿಲ್ಲ. ಅಷ್ಟರಲ್ಲಿ ನನ್ನ ಎಡಗೈ ಮೇಲೆದ್ದಿತ್ತು. ಆ ದಪ್ಪ ದನಿಯ ಹೂಂ ಗಂಟಲಲ್ಲಿ ಬಂದು ಕೂತಿತ್ತು. ಹಟ್ಟಿಯ ಮುಂದೆ ನನ್ನ ಭುಜ ಅಲ್ಲಾಡಿಸಿದ ಅವ್ವನ ಮುಖ ಕಣ್ಣ ಮುಂದೆ ಬಂತು. ಇವತ್ತು ಹೂಂ ಅಂದರೆ ಅವಳು ಇನ್ನೆಷ್ಟು ಕೂಗಿದರೂ ನಾನು ತಿರುಗುವುದಿಲ್ಲ ಅನ್ನಿಸಿತು. ಬಲಗೈಯಿಂದ ಎಡಗೈಯನ್ನು ಹಿಡಿದು ಕೆಳಗೆ ಎಳೆದೆ.

"ನಾನು ಚೌಡೇಶ್ವರಿ ಸಾರ್, ಹಿರೇಗುಂಟನೂರಿನೋಳು. ಏಕಾಂತಮ್ಮ ಸತ್ತೋಗ್ಯಾಳೆ. ಇದೇ ಫ್ರೇಮಿಗೆ ಸಿಕ್ಕಿ ಸತ್ತಿದ್ದು."

ಸಾಹೇಬರು ತಲೆ ಎತ್ತಿ ನೋಡಿದರು. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಹೇಳಿಕೆ ಬರೆದುಕೊಂಡು ಅವರು ಹೋದ ಮೇಲೆ ಮೋಟರು ಹಾಕಿದರೆ, ನನ್ನ ಫ್ರೇಮಿನ ಅಷ್ಟೂ ನೂಲು ಒಟ್ಟಿಗೇ ಹರಿದವು. ನಿಲ್ಲಿಸಿ ಹಾಕಿದರೆ ಹರಿಯುವುದು ಸಹಜ ಅಂತ ಕಾಳಕ್ಕ ಅಂದಳು. ಆದರೆ ಕೂಡಿಸಲು ಹತ್ತಿರ ಬರಲಿಲ್ಲ.

ಉಚ್ಚಂಗೆಮ್ಮ ಗೇಟಿನ ಹೊರಗೇ ಕೂತಿದ್ದಳಂತೆ, ಯಾರೋ ಹೋಗಿ ಹೇಳಿದರು. ನಾನು ಹೊರಗೆ ಬಂದಾಗ ನೆಲಕ್ಕೆ ಕೈ ಬಡಿದು ಅಳುತ್ತಿದ್ದಳು, ಹೆಣ ಈಗ ತಾನೇ ಮನೆಗೆ ಬಂದ ಹಾಗೆ. "ಇವತ್ತು ಸತ್ಲು ಕಣವ್ವ, ಇವತ್ತು ಸತ್ಲು," ಅಂದಳು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮತ್ತೆ ನನ್ನನ್ನು ನೋಡಲು ಬರಲೂ ಇಲ್ಲ. ಆಕೆಗೆ ಪರಿಹಾರ ಸಿಗುತ್ತದೆ ಅಂತ ಲೇಬರ್ ಕಚೇರಿಯವರು ಹೇಳಿದ್ದಾರೆ.

ಅದೇ ವಾರ ಚಿತ್ತಯ್ಯನ ಕಂಟ್ರಾಕ್ಟು ರದ್ದಾಯಿತು. ಕಂಟ್ರಾಕ್ಟಿನ ಹೆಂಗಸರನ್ನೆಲ್ಲ ಗೇಟಿನಿಂದಲೇ ತಿರುಗಿ ಕಳಿಸಿದರು. ಪರ್ಮನೆಂಟ್ ಇದ್ದವರು ಒಳಗೆ ಹೋದರು, ಅವರಲ್ಲಿ ಒಬ್ಬರೂ ನಮ್ಮ ಕಡೆ ತಿರುಗಲಿಲ್ಲ. ಕಾಳಕ್ಕ ನನ್ನ ಮುಂದೆ ನಿಂತು, "ಸುಳ್ಳು ಹೆಸರಾದ್ರೂ ಉಣ್ತಿದ್ವಿ ಕಣೇ. ನಿಜವಾದ ಹೆಸರು ಇಟ್ಕಂಡು ಏನು ಬೇಯಿಸ್ಲಿ?" ಅಂತ ಕೇಳಿದಳು.

ಬೇರೆ ಮಿಲ್ಲುಗಳಲ್ಲಿ ಕೇಳಿದೆ. ನನ್ನ ಹೆಸರು ಹೇಳಿದ ಕೂಡಲೇ ಕೆಲಸ ಇಲ್ಲ ಅನ್ನುತ್ತಾರೆ. ಈಗ ಐಮಂಗಲದ ಹತ್ತಿರ ಹೆದ್ದಾರಿ ಅಗಲ ಮಾಡುತ್ತಿದ್ದಾರಲ್ಲ, ಅಲ್ಲಿ ಜಲ್ಲಿ ಹೊರುತ್ತೇನೆ. ಅಲ್ಲಿ ಹೆಸರು ಕೇಳುವವರೇ ಇಲ್ಲ, ಏಯ್ ಅಂತ ಕರೆಯುತ್ತಾರೆ. ಎಡಗೈ ಮೊದಲಿನ ಹಾಗೆ ಯಾವ ಕೆಲಸಕ್ಕೂ ಬಾರದ್ದಾಗಿದೆ. ಸುಮ್ಮನಿರಬೇಕಿತ್ತು ಅಂತ ಕೆಲವು ದಿನ ಅನ್ನಿಸುತ್ತದೆ. ಸಂಜೆ ಅವ್ವ ಕೂಗಿದಾಗ ಓಗೊಡುತ್ತೇನೆ, ಅಷ್ಟು ಮಾತ್ರ ಸಮಾಧಾನ.

ನಿನ್ನ ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳತಿ,
ಚೌಡೇಶ್ವರಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಆಗಲಿಲ್ಲ. ಅಂದು ಸಾಹೇಬರು ಏಕಾಂತಮ್ಮನ ಹೆಸರು ಕೂಗುವ ಮೊದಲು ನಿನ್ನ ಹೆಸರನ್ನೂ ಕೂಗಿದರು. ಹಿಂದಿನಿಂದ "ಇದೀನಿ ಸಾರ್" ಅಂತ ಯಾರೋ ಅಂದರು. ತಿರುಗಿ ನೋಡಿದೆ. ಅಷ್ಟು ಜನರ ನಡುವೆ ಯಾರೆಂದು ತಿಳಿಯಲಿಲ್ಲ. ಕೆಲಸ ಹೋದ ಮೇಲೆ ಚಿತ್ತಯ್ಯ ಸಂತೆಯಲ್ಲಿ ಸಿಕ್ಕಿದ್ದ, ಮಹೇಕ್ ಹೆಸರು ಯಾರಿಗೆ ಕೊಟ್ಟಿದ್ದೆ ಅಂತ ಕೇಳಿದೆ. "ಬಿಟ್ಟು ಹೋದೋರ ಹೆಸರು ಕೊಟ್ರೆ ನಾಳೆ ಅವರೇ ಬಂದು ನಿಂತ್ರೆ ಏನ್ ಮಾಡ್ಲಿ? ಬದುಕಿರೋರ ಹೆಸರು ನಾನು ಯಾರಿಗೂ ಕೊಡಲ್ಲ ಕಣವ್ವ," ಅಂದ. ದುರ್ಗದಲ್ಲಿ ನಿಮ್ಮಮ್ಮ ಪ್ಯಾರಿ ಬೀ ಅವರ ಮನೆಗೆ ಹೋದರೆ ಬೀಗ ಹಾಕಿತ್ತು. ಎಲ್ಲರೂ ಅವಸರದಲ್ಲಿ ಹರಿಹರಕ್ಕೆ ಹೋದರು ಅಂತ ಪಕ್ಕದ ಮನೆಯವರು ಹೇಳಿದರು. ಯಾಕೆ ಅಂತ ಕೇಳಲಿಲ್ಲ. ಈ ಪತ್ರ ತಲುಪಿದ ಕೂಡಲೇ ಒಂದು ಸಾಲು ಬರಿ. ನಿನ್ನ ಕೈಯಿಂದಲೇ ಬರಿ, ಮಹೇಕ್. ಬೇರೆ ಯಾರಿಂದಲೂ ಬರೆಸಬೇಡ.