ಚಿಕಬಾಲ್ ಕೆರೆಯ ಎಡಸುತ್ತು

ಅಕ್ಕಾ, ಒಣಗುತ್ತಿರುವ ನಮ್ಮ ಮೆಕ್ಕೆಜೋಳಕ್ಕೆ ಮಳೆ ಬೇಡಲು ಹೂ ಹೊತ್ತು ಚಿಕಬಾಲ್ ಬೆಟ್ಟ ಹತ್ತಿದೆವು. ಜ್ವಾಲಾಮುಖಿಯ ಬಾಯಿ ತುಂಬ ಕೆರೆ ಇದೆಯಂತೆ. ನನಗೆ ಕಂಡದ್ದು ಬರೀ ಮಂಜು. ಕೆರೆ ಎಡಗೈಗೇ ಇರುವಂತೆ ಸುತ್ತದಿದ್ದರೆ ಮಳೆ ಮುನಿಯುತ್ತದಲ್ಲ? ಕೆರೆ ಎತ್ತ, ಕಾಡು ಎತ್ತ ತಿಳಿಯದು. ಮುಟ್ಟಿ ನೋಡೋಣವೆಂದರೆ ಆ ಪವಿತ್ರ ನೀರು ಮುಟ್ಟುವಂತಿಲ್ಲ. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಊರಿನ ತಂಡ ಬಂತು.

“ಉಲ್ಟಾ ಸುತ್ತಿ ಬರೋ ಮಳೇನ ವಾಪಸ್ ಕಳಿಸ್ತೀಯೇನಮ್ಮಾ?” ಎಂದ ಅವರ ಹಿರಿಯ.

“ನೀನು ಹುಟ್ಟಿದ್ದೇ ಉಲ್ಟಾ ಕಣಯ್ಯ!” ಎಂದಳು ನಮ್ಮ ತಂಡದ ಮುಂದಿದ್ದ ಪೆಟ್ರೋನಾ ಚಿಕ್ಕಮ್ಮ.

ಯಾರೂ ತಿರುಗಲಿಲ್ಲ. ನಿಂತಲ್ಲೇ ಎಲ್ಲರೂ ಹರಕೆಯ ಹೂ ನೆಲಕ್ಕೆ ಊರಿದ್ದೇ ತಡ, ಮಳೆ ಸುರಿಯಿತು. ಈಗ ಇಬ್ಬರೂ ತಮ್ಮ ಸುತ್ತೇ ಸರಿ ಎನ್ನುತ್ತಿದ್ದಾರೆ. ನನಗೆ ನೆಗಡಿ, ತಲೆಯೂ ಸುತ್ತುತ್ತಿದೆ. ನಮ್ಮ ಹೊಲ ನೆನೆಯಿತೆ? ಬೇಗ ಬರೆ. ನೆನೆದಿಲ್ಲವಾದರೆ ಚಿಕ್ಕಮ್ಮನ ಹೆಸರಿಗೆ ಮಾತ್ರ ಬರೆಯಬೇಡ.

ನಿನ್ನ ಒದ್ದೆ ತಂಗಿ,
ಎಲ್ವಿರಾ