ಗಂಟೆಹೂವಿನ ಕಾವಲು

ಕೊಲಿಂಡೇಲ್, ಲಂಡನ್
ಜುಲೈ ೪

ವೈನಿಯವರಿಗೆ ನಮಸ್ಕಾರ.

ಧಾರವಾಡದಲ್ಲಿ ಪಕ್ಕದ ಮನೆಯ ಕಣಗಿಲೆ ಕೊಯ್ದಂತೆ ಇಲ್ಲೂ ಬೆಳಿಗ್ಗೆ ಆರಕ್ಕೇ ಇಳಿದು, ಅಪಾರ್ಟ್‌ಮೆಂಟಿನ ತೋಟದಿಂದ ಪೂಜೆಗೆ ಹೂ ತರುತ್ತಿದ್ದೆ. ಗಂಟೆಯಾಕಾರದ ನೀಲಿ ಹೂ. ಹೋದ ವಾರ ಗಣಪತಿಗೆ ಏರಿಸಿದ ಹೂವಿನೊಳಗಿಂದ ಜೀರಿಗೆ ಕಾಳಿನಷ್ಟು ಕರಿಯ ಜೇನೊಂದು ನಿದ್ದೆ ಮುಗಿಸಿ ಎದ್ದುಬಂದು, ಸೊಂಡಿಲ ಮೇಲೆ ಅಡ್ಡಾಡಿತು. ಅದೇ ಸಂಜೆ ಲಿಫ್ಟಿನಲ್ಲಿ ನೋಟಿಸು: ಯಾರೋ ಹೂ ಕದಿಯುತ್ತಿದ್ದಾರೆ, ಆ ಹೂವಿನಲ್ಲಿ ಮಲಗುವ ಪುಟ್ಟ ಕರಿ ಜೇನು ತನ್ನ ಮರಿಗೆ ಗಂಟೆಹೂವಿನ ಪರಾಗ ಬಿಟ್ಟು ಬೇರೇನೂ ಉಣಿಸುವುದಿಲ್ಲ.

"ಅವ್ವಾ, ಇದು ನಿಂದ ಕೆಲಸ ಹೌದಿಲ್ಲೋ?" ಎಂದಳು ಮಗಳು ಸ್ಫೂರ್ತಿ.

"ದೇವರಿಗೆ ಒಯ್ದರ ಕಳವು ಅಂತಾರೇನ?" ಎಂದೆ.

ಮರುದಿನ ಬೆಳಿಗ್ಗೆ ತೋಟದಲ್ಲಿ, ಆ ನೋಟಿಸು ಹಾಕಿದ ಅಪಾರ್ಟ್‌ಮೆಂಟ್ ಕಮಿಟಿಯ ಹೆಂಗಸು ಎದುರಾದಳು. ನನ್ನ ಸ್ವೆಟರಿನ ಕಿಸೆಯಲ್ಲಿ ಐದು ಹೂ. ಕಿಸೆಗೆ ಕೈ ಅಡ್ಡ ಇಟ್ಟೆ. ಆಕೆ ನನ್ನ ಕೈ ಹಿಡಿದು, ಇಷ್ಟು ಬೇಗ ಎದ್ದು ಜೇನಿನ ಯೋಗಕ್ಷೇಮ ನೋಡುವವರು ನೀವೊಬ್ಬರೇ ಎಂದು ಹೊಗಳಿ, ಹಸಿರು ಬ್ಯಾಡ್ಜ್ ಚುಚ್ಚಿದಳು. ಹೂ ಕಳ್ಳನನ್ನು ಹಿಡಿಯುವುದು ಈಗ ನನ್ನ ಕೆಲಸ.

ಮೊಣಕಾಲು ನೋವು ಕಡಿಮೆ. ನೀವು ಕೊಟ್ಟ ಎಣ್ಣೆ ಇನ್ನೂ ಅರ್ಧ ಶೀಸೆ ಇದೆ.

ಆವತ್ತಿನಿಂದ ಒಂದು ಹೂವೂ ಕಳುವಾಗಿಲ್ಲವೆಂದು ಲಿಫ್ಟಿನಲ್ಲಿ ನನ್ನ ಹೆಸರು ಹಾಕಿ ಹೊಸ ನೋಟಿಸು ಅಂಟಿಸಿದ್ದಾರೆ. ಗಣಪತಿಗೆ ಲಾನಿನ ಹುಲ್ಲನ್ನೇ ಗರಿಕೆಯೆಂದು ಏರಿಸುತ್ತಿದ್ದೇನೆ. ಅವನು ಏನು ಕೊಟ್ಟರೂ ಒಪ್ಪುತ್ತಾನೆ, ಹಟವೆಲ್ಲ ಆ ಹುಳದ್ದು. ಹುಲ್ಲು ಕಡಿಮೆಯಾಗಿದ್ದು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ನಿಮ್ಮ ನಾದಿನಿ,
ಇಂದುಮತಿ